ಮಿಗೆಲ್ ಬದುಕಿದ್ದರೆ: ಐಬೀರಿಯಾದ ಸಿಂಹಾಸನಗಳ ಪರ್ಯಾಯ ಚರಿತ್ರೆಗಳು

1497ರ ಅಕ್ಟೋಬರ್ 4ರಂದು ಸಲಮಾಂಕಾದಲ್ಲಿ 19 ವರ್ಷದ ರಾಜಕುಮಾರ ಹುವಾನ್ ತೀರಿಕೊಂಡ. ಕ್ಯಾಸ್ಟೀಲಿನ ರಾಣಿ ಇಸಾಬೆಲಾ ಮತ್ತು ಅರಾಗೊನಿನ ದೊರೆ ಫರ್ಡಿನೆಂಡ್ ದಂಪತಿಗೆ ಅವನೊಬ್ಬನೇ ಗಂಡುಮಗ. ಆಗ ಗರ್ಭಿಣಿಯಾಗಿದ್ದ ಅವನ ಹೆಂಡತಿ ಮಾರ್ಗರೆಟ್ ಹೆತ್ತ ಕೂಸೂ ಉಳಿಯಲಿಲ್ಲ. ಪಟ್ಟದ ಹಕ್ಕು ಅವನ ಹಿರಿಯಕ್ಕ ಇಸಾಬೆಲ್‌ಗೆ ಬಂತು. ಪೋರ್ಚುಗಲ್ಲಿನ ದೊರೆ ಮನುವೆಲನ ಕೈಹಿಡಿದಿದ್ದ ಆಕೆ 1498ರ ಆಗಸ್ಟಿನಲ್ಲಿ ಸಾರಗೋಸಾದಲ್ಲಿ ಗಂಡುಮಗುವನ್ನು ಹೆತ್ತು ಹೆರಿಗೆಯಲ್ಲೇ ಸತ್ತಳು. ಆ ಮಗುವೇ ಮಿಗೆಲ್. ಅರಾಗೊನ್, ಕ್ಯಾಸ್ಟೀಲ್, ಪೋರ್ಚುಗಲ್ ಮೂರೂ ರಾಜ್ಯಗಳ ಪ್ರತಿನಿಧಿ ಸಭೆಗಳು, ಅಂದರೆ ಕೋರ್ತೆಸ್‌ಗಳು, ಅವನನ್ನು ಉತ್ತರಾಧಿಕಾರಿ ಎಂದು ಒಪ್ಪಿ ಪ್ರಮಾಣ ಮಾಡಿದವು. 1500ರ ಜುಲೈಯಲ್ಲಿ, ಎರಡು ವರ್ಷ ತುಂಬುವ ಮೊದಲೇ, ಮಗು ಗ್ರನಾಡಾದಲ್ಲಿ ಕಣ್ಮುಚ್ಚಿತು. ಅದಕ್ಕೆ ಐದು ತಿಂಗಳ ಹಿಂದಷ್ಟೇ ಇಸಾಬೆಲಾಳ ಎರಡನೆಯ ಮಗಳು ಹುವಾನಾಳಿಗೆ ಗೆಂಟ್ ಪಟ್ಟಣದಲ್ಲಿ ಮಗ ಹುಟ್ಟಿದ್ದ. ಮೂರು ವರ್ಷದೊಳಗಿನ ಈ ಸಾವುಗಳಿಂದಾಗಿ ಸ್ಪೇನಿನ ಸಿಂಹಾಸನ ಆ ಮಗುವಿನ ಪಾಲಾಯಿತು. ಅವನೇ ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿ ಐದನೆಯ ಚಾರ್ಲ್ಸ್.

ಹೀಗಾಗದೆ ಹೋಗಿದ್ದರೆ? ಈ ಪ್ರಶ್ನೆಯ ಸುತ್ತ ಬೆಳೆದ ಬರವಣಿಗೆಗೆ ಸ್ಪೇನಿನಲ್ಲಿ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. 1880ರ ದಶಕದಲ್ಲಿ ನೀಲೊ ಮರಿಯಾ ಫಾಬ್ರಾ ಎಂಬ ಪತ್ರಕರ್ತ, ಸ್ಪೇನಿನ ಮೊದಲ ಸುದ್ದಿಸಂಸ್ಥೆಯನ್ನು ಕಟ್ಟಿದಾತ, ‘ನಾಲ್ಕು ಶತಮಾನಗಳ ಸುಶಾಸನ’ ಎಂಬ ಅರ್ಥದ ಹೆಸರಿಟ್ಟು ಒಂದು ಕಥೆ ಬರೆದ. ಅದರಲ್ಲಿ ಮಿಗೆಲ್ ಸಾಯುವುದಿಲ್ಲ. ಮೂರು ಕಿರೀಟಗಳು ಒಂದೇ ತಲೆಗೆ ಬರುತ್ತವೆ, ಪರಕೀಯ ರಾಜವಂಶ ಕಾಲಿಡುವುದಿಲ್ಲ, ಒಂದಾದ ಐಬೀರಿಯಾ ಸಮೃದ್ಧಿಯಿಂದ ಬಾಳುತ್ತದೆ. ಸಾಮ್ರಾಜ್ಯದ ಬಹುಪಾಲನ್ನು ಆಗಲೇ ಕಳೆದುಕೊಂಡು ತನ್ನ ಇಳಿಗತಿಯ ಕಾರಣ ಹುಡುಕುತ್ತಿದ್ದ ದೇಶದ ಕಥೆಯಿದು. ಮಿಗೆಲ್ ಅಲ್ಲಿ ಮಗುವಾಗಿ ಬರುವುದಿಲ್ಲ, ತಪ್ಪಿಹೋದ ದಾರಿಯ ಗುರುತಾಗಿ ಬರುತ್ತಾನೆ.

ಫಾಬ್ರಾನ ಕಥೆಯಲ್ಲಿರುವ ನೋವು ಪ್ರಾಮಾಣಿಕವಾದದ್ದು. ಆದರೆ ಅವನು ಹಾಕಿಕೊಟ್ಟ ದಾರಿಯಲ್ಲೇ ನಡೆದ ಪರಂಪರೆಗೆ ಒಂದು ದೊಡ್ಡ ದೋಷ ಅಂಟಿಕೊಂಡಿದೆ. ಅದು ವಂಶವೃಕ್ಷವನ್ನೇ ಭೂಪಟ ಎಂದುಕೊಳ್ಳುತ್ತದೆ. ಮೂರು ರಾಜ್ಯಗಳಿಗೆ ಒಬ್ಬ ವಾರಸುದಾರ ಸಿಕ್ಕ ಕ್ಷಣವೇ ಮೂರೂ ಬೆಸೆದು ಒಂದು ದೇಶವಾಗಿಬಿಡುತ್ತವೆ ಎಂಬುದು ಅದರ ನಂಬಿಕೆ. ಆ ಕಾಲದ ಕಾಗದಪತ್ರಗಳು ಬೇರೆಯದನ್ನೇ ಹೇಳುತ್ತವೆ.

1499ರಲ್ಲಿ ಲಿಸ್ಬನ್ನಿನ ಸಭೆ ಮಿಗೆಲನನ್ನು ಒಪ್ಪಿಕೊಂಡಾಗ ಮನುವೆಲ್ ತನ್ನ ಪ್ರಜೆಗಳಿಗೆ ಒಂದು ಸನ್ನದು ಬರೆದುಕೊಟ್ಟ. ನಾಳೆ ತನ್ನ ಮಗ ಕ್ಯಾಸ್ಟೀಲನ್ನೂ ಆಳಿದರೂ ಪೋರ್ಚುಗಲ್ಲಿನ ನ್ಯಾಯ, ಹಣಕಾಸು, ಅಧಿಕಾರಸ್ಥಾನಗಳೆಲ್ಲ ಪೋರ್ಚುಗೀಸರ ಕೈಯಲ್ಲೇ ಇರತಕ್ಕದ್ದು ಎಂಬುದು ಅದರ ತಿರುಳು. ಮಗು ತೊಟ್ಟಿಲಲ್ಲಿದ್ದಾಗಲೇ ಜನ ಅವನ ಆಳ್ವಿಕೆಗೆ ಬೇಲಿ ಹಾಕಿದ್ದರು. ಎಂಬತ್ತು ವರ್ಷಗಳ ನಂತರ ಅದೇ ಸನ್ನದು ಮತ್ತೆ ಹೊರಬಂತು. 1578ರಲ್ಲಿ ಮೊರಾಕ್ಕೊದ ಯುದ್ಧದಲ್ಲಿ ಪೋರ್ಚುಗಲ್ಲಿನ ಯುವದೊರೆ ಸೆಬಾಸ್ಟಿಯಾನ್ ಮಡಿದ; 1580ರಲ್ಲಿ ಸ್ಪೇನಿನ ಎರಡನೆಯ ಫಿಲಿಪ್ ಆ ಕಿರೀಟವನ್ನು ಪಡೆದ. 1581ರಲ್ಲಿ ತೊಮಾರ್‌ನಲ್ಲಿ ಸೇರಿದ ಸಭೆಗೆ ಅವನು ಕೊಟ್ಟ ವಚನಗಳಿಗೆ ಮನುವೆಲನ ಸನ್ನದೇ ಮಾದರಿ. ಅಂದರೆ ಮಿಗೆಲನ ಕೈಯಲ್ಲಿ ಆಗಬೇಕಿದ್ದ ಪ್ರಯೋಗ ಇನ್ನೊಬ್ಬನ ಕೈಯಲ್ಲಿ ನಿಜವಾಗಿಯೂ ನಡೆಯಿತು. ಒಬ್ಬನೇ ರಾಜನಿದ್ದ, ರಾಜ್ಯಗಳು ಬೇರೆಬೇರೆಯಾಗಿಯೇ ಇದ್ದವು. 1640ರಲ್ಲಿ ಲಿಸ್ಬನ್ ದಂಗೆಯೆದ್ದಾಗ ಆ ಗಂಟು ಬಿಚ್ಚಿಕೊಂಡಿತು. ಕಲ್ಪಿತ ಚರಿತ್ರೆ ಬರೆಯುವವರಿಗೆ ಇಷ್ಟು ಹತ್ತಿರದ ಪುರಾವೆ ಸಿಗುವುದು ಬಲು ಅಪರೂಪ. ಆದರೂ ಮಿಗೆಲನ ಕುರಿತ ಬರಹಗಳು 1580ನ್ನು ಇನ್ನೊಂದು ಕಥೆ ಎಂದು ಪಕ್ಕಕ್ಕಿಡುತ್ತವೆ.

ಹಾಗಾದರೆ ಮಿಗೆಲ್ ಉಳಿದಿದ್ದರೆ ಏನೂ ಬದಲಾಗುತ್ತಿರಲಿಲ್ಲವೇ? ಬದಲಾಗುತ್ತಿತ್ತು, ಆದರೆ ಫಾಬ್ರಾ ಒತ್ತಿಹೇಳಿದ ಕಡೆಯಲ್ಲಲ್ಲ. ಯಾವುದು ಕೂಡುತ್ತಿತ್ತು ಎಂಬುದಕ್ಕಿಂತ ಯಾವುದು ಕೂಡದೆ ಉಳಿಯುತ್ತಿತ್ತು ಎಂಬುದೇ ಇಲ್ಲಿ ಮುಖ್ಯ. ಚಾರ್ಲ್ಸ್ ಸ್ಪೇನಿಗೆ ಬಾರದಿದ್ದರೆ ಅವನ ಪಾಲಿನ ನೆದರ್ಲ್ಯಾಂಡ್ಸ್ ಸ್ಪೇನಿನ ಗಂಟಿಗೆ ಬೀಳುತ್ತಿರಲಿಲ್ಲ. ನಡೆದ ಚರಿತ್ರೆಯಲ್ಲಿ ಸ್ಪೇನಿನ ವಿರುದ್ಧ ಎದ್ದ ಡಚ್ಚರು 1580ರ ನಂತರ ಪೋರ್ಚುಗಲ್ಲಿಗೂ ಶತ್ರುಗಳಾದರು. ಲಿಸ್ಬನ್ನಿನ ಮಾರುಕಟ್ಟೆ ಅವರಿಗೆ ಮುಚ್ಚತೊಡಗಿದಾಗ ಮೆಣಸು ಹುಡುಕಿಕೊಂಡು ತಾವೇ ಪೂರ್ವಕ್ಕೆ ಹಡಗು ಹತ್ತಿದರು, 1602ರಲ್ಲಿ ಕಂಪನಿ ಕಟ್ಟಿದರು. 1641ರಲ್ಲಿ ಮಲಾಕ್ಕಾ, 1663ರಲ್ಲಿ ಕೊಚ್ಚಿ ಅವರ ವಶವಾದವು. ಕನ್ನಡ ಕರಾವಳಿಗೂ ಈ ಸರಪಳಿಯ ಕೊನೆಯ ಕೊಂಡಿ ತಾಕಿದೆ. ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಹಾಕಿದಾಗ ಎದುರಿಗಿದ್ದದ್ದು ಡಚ್ಚರ ಹೊಡೆತಕ್ಕೆ ಆಗಲೇ ಬಸವಳಿದಿದ್ದ ಶಕ್ತಿ. ನಾಯಕನ ಸಾಹಸವನ್ನು ಇದು ಕಿರಿದುಮಾಡುವುದಿಲ್ಲ. ಅವನು ಗೆದ್ದ ಹೊತ್ತು ಹೇಗೆ ಒದಗಿಬಂತು ಎಂಬುದನ್ನು ತೋರಿಸುತ್ತದೆ. ಮಿಗೆಲನ ಪ್ರಶ್ನೆಯ ನಿಜವಾದ ಹರಹು ಇಷ್ಟು ದೊಡ್ಡದು. ಅದನ್ನು ಐಬೀರಿಯಾದ ಐಕ್ಯಗೀತೆಯಾಗಿ ಕುಗ್ಗಿಸಿದ್ದು ಈ ಪರಂಪರೆಗೆ ಆದ ನಷ್ಟ.

ಈ ಬರಹಗಾರರಿಗೆ ಬಹುಪ್ರಿಯವಾದ ಇನ್ನೊಂದು ತಿರುವು ಕ್ಯಾಸ್ಟೀಲಿನ ನಾಲ್ಕನೆಯ ಎನ್ರಿಕೆಯ ಮಗಳು ಹುವಾನಾಳದು. 1462ರಲ್ಲಿ ಹುಟ್ಟಿದ ಈಕೆಯನ್ನು ವಿರೋಧಿಗಳು ರಾಜನ ಮಗಳೇ ಅಲ್ಲ, ಬೆಲ್ತ್ರಾನ್ ದೆ ಲಾ ಕ್ವೇವಾ ಎಂಬ ಸರದಾರನ ಮಗಳು ಎಂದು ಹೀಯಾಳಿಸಿ ‘ಬೆಲ್ತ್ರನೇಹಾ’ ಎಂದರು. 1468ರಲ್ಲಿ ಎನ್ರಿಕೆ ತಂಗಿ ಇಸಾಬೆಲಾಳನ್ನು ವಾರಸುದಾರಳೆಂದ. 1470ರಲ್ಲಿ ಆ ಮಾತು ಹಿಂತೆಗೆದು ಮಗಳ ಹಕ್ಕನ್ನು ಎತ್ತಿಹಿಡಿದ. 1474ರ ಡಿಸೆಂಬರಿನಲ್ಲಿ ಅವನು ಸತ್ತ ಸುದ್ದಿ ತಲುಪುತ್ತಲೇ ಇಸಾಬೆಲಾ ಸೆಗೋವಿಯಾದಲ್ಲಿ ತಾನೇ ರಾಣಿಯೆಂದು ಸಾರಿಸಿಕೊಂಡಳು. ಹುವಾನಾಳ ಪರ ಅವಳ ಸೋದರಮಾವ, ಪೋರ್ಚುಗಲ್ಲಿನ ಐದನೆಯ ಅಫೊನ್ಸೊ, ಅವಳನ್ನೇ ಮದುವೆಯಾಗಲು ಹೊರಟು ದಂಡೆತ್ತಿ ಬಂದ. 1476ರ ಮಾರ್ಚ್ 1ರಂದು ತೊರೊ ಬಳಿ ನಡೆದ ಕದನದಲ್ಲಿ ಅಫೊನ್ಸೊನ ಪಡೆ ಚದುರಿತು, ಆದರೆ ಅವನ ಮಗ ಜೊವಾವ್‌ನ ಪಡೆ ತನ್ನೆದುರಿನವರನ್ನು ಮುರಿದು ರಣರಂಗದಲ್ಲೇ ನಿಂತಿತು. ಫರ್ಡಿನೆಂಡ್ ಮಾತ್ರ ಊರೂರಿಗೆ ವಿಜಯದ ಪತ್ರ ಕಳಿಸಿದ. ಆ ಗೆಲುವಿನ ನೆನಪಿಗೆ ತೊಲೆದೊದಲ್ಲಿ ಸಾನ್ ಹುವಾನ್ ದೆ ಲೋಸ್ ರೇಯೆಸ್ ಮಠ ಎದ್ದಿತು. ಗೆದ್ದವರು ಯಾರು ಎಂಬುದು ಕತ್ತಿಯಷ್ಟೇ ಕಾಗದದಿಂದಲೂ ತೀರ್ಮಾನವಾಯಿತು.

ಹುವಾನಾ ಗೆದ್ದಿದ್ದರೆ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ ಬರುತ್ತಿರಲಿಲ್ಲ, ಯಹೂದಿಗಳ ಉಚ್ಚಾಟನೆ ಆಗುತ್ತಿರಲಿಲ್ಲ ಎಂದು ಮುಂದಿನ ಹೆಜ್ಜೆ ಇಡುವ ಕಲ್ಪನೆಗಳನ್ನು ಒಪ್ಪುವುದು ಕಷ್ಟ. 1391ರಲ್ಲಿ ಸೆವಿಲ್‌ನಿಂದ ಹಬ್ಬಿದ ಯಹೂದಿಗಳ ಹತ್ಯಾಕಾಂಡ ಇಸಾಬೆಲಾ ಹುಟ್ಟುವುದಕ್ಕೆ ಅರವತ್ತು ವರ್ಷ ಮೊದಲಿನದು. ಮತಾಂತರಗೊಂಡ ಕುಟುಂಬಗಳವರನ್ನು ಅಧಿಕಾರದಿಂದ ಹೊರಗಿಟ್ಟ ತೊಲೆದೊದ ಕಟ್ಟಳೆ 1449ರದ್ದು. ಒಬ್ಬ ರಾಣಿಯನ್ನು ಬದಲಿಸಿದ ಮಾತ್ರಕ್ಕೆ ಬೀದಿಯಲ್ಲಿ ಬೇರುಬಿಟ್ಟ ದ್ವೇಷ ಹೋಗುವುದಿಲ್ಲ. ಹೋಗುತ್ತಿತ್ತು ಎನ್ನುವವರು ಆ ಜನರ ಸಂಕಟವನ್ನು ಅರಮನೆಯ ಕಥೆಗೆ ಅಡವಿಡುತ್ತಿದ್ದಾರೆ.

ಇದಕ್ಕಿಂತಲೂ ಬೇಸರ ತರುವುದು ಹುವಾನಾಳನ್ನು ಈ ಬರಹಗಳು ನಡೆಸಿಕೊಳ್ಳುವ ರೀತಿ. ಯಾರನ್ನು ಮದುವೆಯಾದಳು, ಯಾರನ್ನು ಆಗಬಹುದಿತ್ತು ಎಂಬುದಷ್ಟೇ ಅವಳ ಲೆಕ್ಕ. 1479ರ ಅಲ್ಕಾಸೊವಾಸ್ ಒಪ್ಪಂದದ ಹೊತ್ತಿಗೆ ಅವಳ ಮುಂದೆ ಎರಡು ದಾರಿಗಳಿದ್ದವು: ಆಗ ಒಂದು ವರ್ಷದ ಕೂಸಾಗಿದ್ದ ರಾಜಕುಮಾರ ಹುವಾನ್ ದೊಡ್ಡವನಾಗುವವರೆಗೆ ಮದುವೆಗೆ ಕಾಯುವುದು, ಇಲ್ಲವೇ ಸನ್ಯಾಸಿನಿಯರ ಮಠ ಸೇರುವುದು. 17 ವರ್ಷದ ಹುಡುಗಿ ಮಠವನ್ನೇ ಆರಿಸಿಕೊಂಡಳು. 1530ರಲ್ಲಿ ಲಿಸ್ಬನ್ನಿನಲ್ಲಿ ಸಾಯುವವರೆಗೂ ತನ್ನ ಸಹಿಯಲ್ಲಿ ರಾಣಿಯೆಂದೇ ಬರೆದಳು. ಅವಳು ಕಾಯಲು ಒಪ್ಪಿದ್ದರೆ ಏನಾಗುತ್ತಿತ್ತು ಎಂದು ಕೇಳುವವರು ವಿರಳ. ಆ ಪ್ರಶ್ನೆ ಕೇಳಬೇಕಾದರೆ ನಿರ್ಧಾರ ಅವಳದು ಎಂದು ಮೊದಲು ಒಪ್ಪಬೇಕಾಗುತ್ತದೆ.

ರಕ್ತಸಂಬಂಧವೇ ಪಟ್ಟವನ್ನು ತೀರ್ಮಾನಿಸುತ್ತಿತ್ತು ಎಂಬ ಗೃಹೀತವನ್ನೂ ಐಬೀರಿಯಾ ಎರಡು ಸಲ ಬಹಿರಂಗವಾಗಿ ಮುರಿದಿದೆ. 1385ರಲ್ಲಿ ಕೊಯಿಂಬ್ರಾದ ಸಭೆಯಲ್ಲಿ ನ್ಯಾಯಪಂಡಿತ ಜೊವಾವ್ ದಾಸ್ ರೆಗ್ರಾಸ್ ಹಕ್ಕುದಾರರನ್ನೆಲ್ಲ ಒಬ್ಬೊಬ್ಬರಾಗಿ ಅನರ್ಹರೆಂದು ವಾದಿಸಿ, ಸಿಂಹಾಸನ ಖಾಲಿಯಿದೆ ಎಂದು ಸಾಧಿಸಿ, ಮದುವೆಯಾಚೆ ಹುಟ್ಟಿದ ಅವೀಸ್‌ನ ಜೊವಾವ್‌ನನ್ನು ರಾಜನನ್ನಾಗಿ ಆರಿಸಲು ದಾರಿ ಮಾಡಿದ. ಅದೇ ವರ್ಷದ ಆಗಸ್ಟಿನಲ್ಲಿ ಅಲ್ಜುಬರೋಟದ ಯುದ್ಧ ಆ ಆಯ್ಕೆಯನ್ನು ಗಟ್ಟಿಮಾಡಿತು. 1412ರಲ್ಲಿ ಕಾಸ್ಪೆ ಎಂಬ ಊರಿನಲ್ಲಿ ಅರಾಗೊನ್, ಕ್ಯಾಟಲೋನಿಯಾ, ವಲೆನ್ಸಿಯಾಗಳ ತಲಾ ಮೂವರು ಕೂತು, ಒಂಬತ್ತರಲ್ಲಿ ಆರು ಮತಗಳಿಂದ ಕ್ಯಾಸ್ಟೀಲ್ ಮನೆತನದ ಫರ್ಡಿನೆಂಡನನ್ನು ಅರಾಗೊನಿನ ದೊರೆಯಾಗಿ ಆರಿಸಿದರು. ಸೋತ ಉರ್ಜೆಲ್‌ನ ಜಾವುಮೆ ದಂಗೆಯೆದ್ದು ಸೆರೆಯಲ್ಲೇ ಸತ್ತ. ಕ್ಯಾಟಲನ್ ಅಭಿಮಾನಿಗಳಿಗೆ ಆ ತೀರ್ಪು ಇಂದಿಗೂ ಮಾಯದ ಗಾಯ. ಬಾರ್ಸಿಲೋನಾದ ಸಂಗೀತ ಅರಮನೆಯನ್ನು ಕಟ್ಟಿದ ವಾಸ್ತುಶಿಲ್ಪಿ ದೊಮೆನೆಕ್ ಇ ಮುಂತಾನೆ ಅದನ್ನು ಅನ್ಯಾಯವೆಂದು ಕರೆದು ಒಂದು ಪುಸ್ತಕವನ್ನೇ ಬರೆದ.

ಇತಿಹಾಸಕಾರ ಇ. ಎಚ್. ಕಾರ್ 1961ರಲ್ಲಿ ಇಂಥ ಕಲ್ಪನೆಗಳನ್ನು ಹೊತ್ತು ಕಳೆಯುವ ಆಟವೆಂದು ತಳ್ಳಿಹಾಕಿದರು. ಅದು ಅವಸರದ ತೀರ್ಪು. 1997ರ ‘ವರ್ಚುವಲ್ ಹಿಸ್ಟರಿ’ ಸಂಕಲನದಲ್ಲಿ ನಿಯಾಲ್ ಫರ್ಗ್ಯುಸನ್ ಇಟ್ಟ ಷರತ್ತು ಹೆಚ್ಚು ಉಪಯುಕ್ತ: ಆ ಕಾಲದವರೇ ಸಾಧ್ಯವೆಂದು ಎಣಿಸಿ, ಬರೆದಿಟ್ಟ ದಾರಿಗಳನ್ನು ಮಾತ್ರ ಪರಿಗಣಿಸಬೇಕು. ಫರ್ಗ್ಯುಸನ್‌ರ ಇತರ ವಾದಗಳು ಹೇಗೇ ಇರಲಿ, ಐಬೀರಿಯಾಕ್ಕೆ ಈ ಅಳತೆಗೋಲು ಚೆನ್ನಾಗಿ ಹೊಂದುತ್ತದೆ. ಸನ್ನದು, ಪ್ರಮಾಣವಚನ, ಮದುವೆಯ ಕರಾರುಗಳಲ್ಲಿ ಇಷ್ಟೊಂದು ಪರ್ಯಾಯ ಭವಿಷ್ಯಗಳನ್ನು ಬರೆದಿಟ್ಟ ನಾಡುಗಳು ಕಡಿಮೆ.

ಆ ಅಳತೆಯಲ್ಲಿ ಪಕ್ಕಾ ನಿಲ್ಲುವ, ಆದರೂ ಮಿಗೆಲನ ನೆರಳಲ್ಲಿ ಮರೆಯಾದ ಇನ್ನೊಂದು ಸಾಧ್ಯತೆಯಿದೆ. ಇಸಾಬೆಲಾ 1504ರಲ್ಲಿ ತೀರಿಕೊಂಡ ಮೇಲೆ ಫರ್ಡಿನೆಂಡ್ ಫ್ರಾನ್ಸಿನ ದೊರೆಯೊಡನೆ ಒಪ್ಪಂದ ಮಾಡಿಕೊಂಡು ಅವನ ಸೋದರಸೊಸೆ ಜರ್ಮೇನ್ ಆಫ್ ಫುವಾಳನ್ನು ಮದುವೆಯಾದ. 1509ರ ಮೇ 3ರಂದು ಅವರಿಗೊಂದು ಗಂಡುಮಗು ಹುಟ್ಟಿ ಕೆಲವೇ ಗಂಟೆಗಳಲ್ಲಿ ಸತ್ತಿತು. ಆ ಮಗು ಉಳಿದಿದ್ದರೆ ಅರಾಗೊನ್, ಸಿಸಿಲಿ, ನೇಪಲ್ಸ್ ಅದಕ್ಕೆ ಸೇರಿ, ಕ್ಯಾಸ್ಟೀಲ್ ಬೇರೆ ದಾರಿ ಹಿಡಿಯುತ್ತಿತ್ತು. ಸ್ಪೇನನ್ನು ಒಂದುಗೂಡಿಸಿದವನೆಂದು ಪಠ್ಯಪುಸ್ತಕಗಳು ಕೊಂಡಾಡುವ ದೊರೆ ತನ್ನ ಕೊನೆಯ ವರ್ಷಗಳಲ್ಲಿ ಆ ಒಕ್ಕೂಟ ಒಡೆಯಬಲ್ಲ ಮಗನಿಗಾಗಿ ಹಂಬಲಿಸಿದ. ಈ ಸಂಗತಿಯಿಂದ ಹೊರಡುವ ಪರ್ಯಾಯ ಚರಿತ್ರೆ ಬೇರೆಯೇ ಪ್ರಶ್ನೆಗಳನ್ನು ಎದುರಿಸಬೇಕು. ವಲೆನ್ಸಿಯಾದ ಕುಶಲಕರ್ಮಿಗಳು 1519ರಲ್ಲಿ ದಂಗೆ ಎದ್ದೇಳುವ ಹೊತ್ತಿಗೆ ಹತ್ತು ವರ್ಷದ ಬಾಲರಾಜನ ಹೆಸರಿನಲ್ಲಿ ಆಳುವವರು ಯಾರು? ಚಾರ್ಲ್ಸ್‌ನ ದಂಡು ಇಲ್ಲದಿದ್ದರೆ ಆ ದಂಗೆಯನ್ನು ಯಾವ ಪಡೆ, ಯಾರ ಹಣದಿಂದ ಎದುರಿಸುತ್ತಿತ್ತು? ನಡೆದ ಚರಿತ್ರೆಯಲ್ಲಿ ದಂಗೆ ಮುರಿದ ಮೇಲೆ, 1523ರಲ್ಲಿ, ಚಾರ್ಲ್ಸ್ ವಲೆನ್ಸಿಯಾಕ್ಕೆ ರಾಜಪ್ರತಿನಿಧಿಯಾಗಿ ನೇಮಿಸಿದ್ದು ಜರ್ಮೇನಳನ್ನೇ, ಮತ್ತು ಆಕೆ ದಂಗೆಕೋರರನ್ನು ಕಠಿಣವಾಗಿ ದಂಡಿಸಿದಳು.