ರೋಲರ್ ಮೇಲಿನ 930

ಪೋರ್ಷೆ 911 ಟರ್ಬೊ ಬಂದದ್ದು 1975ರಲ್ಲಿ. 930 ಎಂದೇ ಹೆಸರಾದ ಈ ಕಾರಿನ ಹಿಂಬದಿಯಲ್ಲಿ ಗಾಳಿಯಿಂದ ತಣಿಯುವ 3 ಲೀಟರ್ ಎಂಜಿನ್. ಅದರ ಸ್ವಭಾವ ಅರಿಯಲು ಎಂಜಿನ್ ಶಕ್ತಿ ಅಳೆಯುವ ಡೈನೊ ಯಂತ್ರದ ಗ್ರಾಫ್ ನೋಡಬೇಕು. ಪಟ್ಟಿಗಳಿಂದ ಬಿಗಿದ ಕಾರು ನಿಂತಲ್ಲೇ ರೋಲರ್ ಉರುಳಿಸುತ್ತದೆ, ದೊಡ್ಡ ಫ್ಯಾನು ಎಂಜಿನ್ನಿನತ್ತ ಗಾಳಿ ನೂಕುತ್ತದೆ. ಮೊದಮೊದಲು ಟಾರ್ಕಿನ ಗೆರೆ ಸಾಧು. ಟರ್ಬೊದ ಟರ್ಬೈನನ್ನು ರಭಸದಿಂದ ತಿರುಗಿಸುವಷ್ಟು ಹೊಗೆ ಇನ್ನೂ ಹೊರಡುತ್ತಿಲ್ಲ. ಆಮೇಲೆ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿತೋ, ಗೆರೆ ಗುಡ್ಡ ಹತ್ತಿದಂತೆ ಎದ್ದು 4000 ಆರ್‌ಪಿಎಂ ಸುಮಾರಿಗೆ ತುದಿ ಮುಟ್ಟುತ್ತದೆ. ಆ ಕಡಿದಾದ ಏರೇ ನನಗೆ ಅಚ್ಚುಮೆಚ್ಚು. ಕಾರ್ಖಾನೆ ಹೇಳುವ 260 ಅಶ್ವಶಕ್ತಿ ಎಂಜಿನ್ನಿನದು; ಗೇರ್‌ಬಾಕ್ಸು, ಟೈರುಗಳು ತಿಂದು ಉಳಿದದ್ದಷ್ಟೇ ರೋಲರಿಗೆ ಸಿಗುತ್ತದೆ. 1978ರಲ್ಲಿ ಎಂಜಿನ್ 3.3 ಲೀಟರಾಗಿ, ಇಂಟರ್‌ಕೂಲರೂ ಸೇರಿ, ಶಕ್ತಿ 300ಕ್ಕೇರಿತು.