ಹಸಿರು ಶಾಲು ಗೆದ್ದದ್ದು, ಕಟ್ಟದೆ ಬಿಟ್ಟದ್ದು

2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪ ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿ ಮುಖ್ಯಮಂತ್ರಿಯಾದರು. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗುಂಡು ಹಾರಿತು, ಇಬ್ಬರು ಸತ್ತರು. ಅವರು ಕೇಳಿದ್ದು ಬಿತ್ತನೆ ಹೊತ್ತಿಗೆ ಸಿಗಬೇಕಾದ ಡಿಎಪಿ. ರೈತ ಸಂಘ ಹುಟ್ಟಿ ಆಗಲೇ 28 ವರ್ಷ ಕಳೆದಿತ್ತು. ಇಷ್ಟು ಬಲವಾದ ಚಳವಳಿ ಕಂಡ ನಾಡಿನಲ್ಲಿ ಗೊಬ್ಬರಕ್ಕೂ ಹೆಣ ಬೀಳಬೇಕಾಯಿತೇಕೆ?

ಚಳವಳಿಯ ಮೂಲ ನಮ್ಮ ಹಾವೇರಿ ಸೀಮೆಗೆ ದೂರದ್ದಲ್ಲ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರದ ನೋಟಿಸು ಬಂದಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಗುಂಡಿಗೆ ಬಲಿಯಾದರು. ಅದೇ ವರ್ಷ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರು ಕರ್ನಾಟಕ ರಾಜ್ಯ ರೈತ ಸಂಘ ಕಟ್ಟಿದರು. 1983ರಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂದದ್ದರಲ್ಲಿ ಈ ಸಿಟ್ಟಿನ ಪಾಲೂ ಇತ್ತು.

ಸಂಘದ ದೊಡ್ಡ ಗೆಲುವು ಯಾವ ಸರ್ಕಾರಿ ಆದೇಶದಲ್ಲೂ ಸಿಗುವುದಿಲ್ಲ. ಸಾಲ ವಸೂಲಿಗೆ ಬಂದವರು ಮನೆಯ ಪಾತ್ರೆ, ಬಾಗಿಲು ಎತ್ತಿಕೊಂಡು ಹೋದರೆ ಹಸಿರು ಶಾಲು ಹೊದ್ದ ಸಂಘದವರು ಗುಂಪುಗೂಡಿ ಹೋಗಿ ಅವನ್ನು ವಾಪಸು ತರುತ್ತಿದ್ದರು. ಅದಕ್ಕೆ ಮರುಜಪ್ತಿ ಎಂದು ಹೆಸರು. ಬೆಳೆಗೆ ನ್ಯಾಯವಾದ ಬೆಲೆ ಕೊಡದ ಸರ್ಕಾರವೇ ರೈತನಿಗೆ ಬಾಕಿದಾರ ಎಂಬ ವಾದವನ್ನು ಅವರು ಹಳ್ಳಿ ಹಳ್ಳಿಗೆ ಒಯ್ದರು. ತಹಶೀಲ್ದಾರರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಒಕ್ಕಲಿನವನು ಕುರ್ಚಿ ಎಳೆದುಕೊಂಡು ಕೂತದ್ದು ಆಗ. ಇದನ್ನು ಕಡಿಮೆ ಅಂದಾಜು ಮಾಡುವವರ ಜೊತೆ ನಾನು ವಾದಕ್ಕೆ ಸಿದ್ಧ.

ಆದರೆ ಸಿಟ್ಟು ಸಂಸ್ಥೆಯಾಗಿ ಬೆಳೆಯಲಿಲ್ಲ. ಅಮೆರಿಕದ ರೈತ ಚಳವಳಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಕೊರತೆ ಎದ್ದು ಕಾಣುತ್ತದೆ. ಅಲ್ಲಿಯ ಪೀಪಲ್ಸ್ ಪಾರ್ಟಿ 1892ರಲ್ಲಿ ಒಮಾಹಾದಲ್ಲಿ ಸೇರಿದಾಗ ಅವರ ಮುಂದೆ ಚಾರ್ಲ್ಸ್ ಮಕ್ಯೂನ್ ರೂಪಿಸಿದ್ದ ಯೋಜನೆಯೊಂದಿತ್ತು. ಸುಗ್ಗಿಯಲ್ಲಿ ಬೆಲೆ ಬಿದ್ದಾಗ ರೈತ ತನ್ನ ಬೆಳೆಯನ್ನು ಸರ್ಕಾರಿ ಉಗ್ರಾಣದಲ್ಲಿಟ್ಟು, ಅದರ ಬೆಲೆಯ ಶೇ. 80ರವರೆಗೆ ಕಡಿಮೆ ಬಡ್ಡಿಯ ಸಾಲ ಪಡೆದು, ದರ ಏರಿದಾಗ ಮಾರಬಹುದು. ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಜೇಮ್ಸ್ ವೀವರ್‌ಗೆ 10 ಲಕ್ಷಕ್ಕೂ ಮಿಕ್ಕಿ ಮತ ಬಿದ್ದವು. 1896ರಲ್ಲಿ ಆ ಪಕ್ಷ ಡೆಮಾಕ್ರಟಿಕ್ ಪಕ್ಷದ ಬ್ರಯಾನ್‌ನ ಬೆನ್ನು ಹತ್ತಿ ಕರಗಿತು. ಆದರೂ ಅವರು ಕೇಳಿದ್ದ ಆದಾಯ ತೆರಿಗೆ, ಸೆನೆಟರುಗಳ ನೇರ ಚುನಾವಣೆ 1913ರಲ್ಲಿ ಸಂವಿಧಾನ ಸೇರಿದವು. ಮುಂದಿನ ಪೀಳಿಗೆಯ ರೈತರು 1919ರಲ್ಲಿ ನಾರ್ತ್ ಡಕೋಟಾದಲ್ಲಿ ರಾಜ್ಯ ಸರ್ಕಾರದ್ದೇ ಬ್ಯಾಂಕು ಸ್ಥಾಪಿಸಿದರು. ಅದು ಇಂದಿಗೂ ನಡೆಯುತ್ತಿದೆ.

ನಮ್ಮ ಜಿಲ್ಲೆಯ ಚಿಕ್ಕೇರೂರಿನ ಗೋವಿನಜೋಳದ ರೈತನಿಗೆ ಬೇಕಾದದ್ದು ಮಕ್ಯೂನ್ ಹೇಳಿದ್ದೇ. ಬೀಜ, ಗೊಬ್ಬರ ಉದ್ರಿ ತಂದವನಿಗೆ ಕಣದಿಂದಲೇ ಕಾಳು ಮಾರುವುದು ಬಿಟ್ಟರೆ ದಾರಿಯಿಲ್ಲ. ಎಲ್ಲರ ರಾಶಿಯೂ ಒಟ್ಟಿಗೆ ಪೇಟೆಗೆ ಬಂದಾಗ ದರ ಹೇಳುವವನು ಕೊಳ್ಳುವವನೇ. ಇದು ಸಂಘಕ್ಕೆ ತಿಳಿಯದ್ದೇನಲ್ಲ. ಬೆಂಬಲ ಬೆಲೆಗಾಗಿ ಅದು ಹೋರಾಡುತ್ತಲೇ ಬಂದಿದೆ. ಆದರೂ ತಾಲೂಕಿಗೊಂದು ಉಗ್ರಾಣ, ಅಡಮಾನ ಸಾಲ, ರೈತರದೇ ಮಾರಾಟದ ಏರ್ಪಾಡು ಎಂಬ ನಿಧಾನದ ಕೆಲಸಕ್ಕಿಂತ 1992ರಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಯ ಮೇಲೆ, 1996ರಲ್ಲಿ ಕೆಎಫ್‌ಸಿ ಮೇಲೆ ನಡೆದ ದಾಳಿಗಳೇ ಅದರ ಗುರುತಾದವು. ಬೀಜದ ಒಡೆತನದ ಬಗ್ಗೆ ನಂಜುಂಡಸ್ವಾಮಿ ಕೊಟ್ಟ ಎಚ್ಚರಿಕೆ ದೂರದೃಷ್ಟಿಯದ್ದು, ನಿಜ. ಆದರೆ ಕಿಟಕಿ ಒಡೆದ ಮರುದಿನವೂ ರೈತ ಅದೇ ಅಡತಿ ಅಂಗಡಿಯ ಮೆಟ್ಟಿಲು ಹತ್ತಬೇಕಿತ್ತು.

ಚುನಾವಣೆಯೂ ಕೈಹಿಡಿಯಲಿಲ್ಲ. 1989ರಲ್ಲಿ ಸಂಘದಿಂದ ವಿಧಾನಸಭೆಗೆ ಗೆದ್ದ ಬಾಬಾಗೌಡ ಪಾಟೀಲರು ಮುಂದೆ ಬಿಜೆಪಿ ಸೇರಿ ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು. 2004ರಲ್ಲಿ ನಂಜುಂಡಸ್ವಾಮಿ ತೀರಿಕೊಳ್ಳುವ ಮೊದಲೇ ಸಂಘ ಒಡೆದಿತ್ತು. 2020ರಲ್ಲಿ ಎಪಿಎಂಸಿ ಮತ್ತು ಭೂಸುಧಾರಣಾ ಕಾಯ್ದೆಗಳಿಗೆ ತಿದ್ದುಪಡಿ ಬಂದಾಗ ಕೃಷಿ ಖಾತೆ ನಮ್ಮದೇ ಜಿಲ್ಲೆಯ ಹಿರೇಕೆರೂರಿನ ಶಾಸಕರ ಕೈಯಲ್ಲೇ ಇತ್ತು. ಆ ತಿದ್ದುಪಡಿಗಳನ್ನು ತಡೆಯುವಷ್ಟು ಬಲ ಹಲವು ಬಣಗಳಾಗಿದ್ದ ಹಸಿರು ಶಾಲಿಗೆ ಇರಲಿಲ್ಲ.

ನನಗೆ ಹೆಚ್ಚು ನೋವು ಕೊಡುವುದು ಇನ್ನೊಂದು ಲೋಪ. ದೇವರಾಜ ಅರಸರ 1974ರ ಭೂಸುಧಾರಣೆ ಗೇಣಿದಾರನಿಗೆ ಹೊಲ ಕೊಟ್ಟಿತು, ಕೂಲಿಯವನನ್ನು ಬಹುಪಾಲು ಹೊರಗೇ ಬಿಟ್ಟಿತು. ಹೊಲವಿದ್ದವರ ಸಂಘವಾಗಿ ಬೆಳೆದ ರೈತ ಸಂಘವೂ ಅವನನ್ನು ಒಳಗೆ ಕರೆಯಲಿಲ್ಲ. ದಲಿತ ಸಂಘರ್ಷ ಸಮಿತಿ ಅದೇ ಹಳ್ಳಿಗಳಲ್ಲಿ ಬೇರೆಯೇ ಸಾಲಾಗಿ ನಡೆಯಿತು. ಅಮೆರಿಕದಲ್ಲೂ ಹೀಗೇ ಆಯಿತು: ಕರಿಯ ಮತ್ತು ಬಿಳಿಯ ರೈತರು ಒಂದಾಗಬೇಕೆಂದು 1892ರಲ್ಲಿ ವಾದಿಸಿದ ಪೀಪಲ್ಸ್ ಪಾರ್ಟಿಯ ನಾಯಕ ಟಾಮ್ ವಾಟ್ಸನ್, ಮುಂದೆ ಕರಿಯರ ಮತದ ಹಕ್ಕನ್ನೇ ಕಸಿಯಲು ನಿಂತ. ನಮ್ಮಲ್ಲಿ ಅಂಥ ದ್ರೋಹ ಆಗಲಿಲ್ಲ. ಆದರೆ ಹತ್ತಿ ಬಿಡಿಸುವ, ಗೋವಿನಜೋಳದ ತೆನೆ ಮುರಿಯುವ ಹೆಂಗಸಿನ ದಿನಗೂಲಿ ಎಷ್ಟಿರಬೇಕು ಎಂಬುದು ಸಂಘದ ಬೇಡಿಕೆಗಳ ಮುಂಚೂಣಿಗೆ ಎಂದೂ ಬರಲಿಲ್ಲ.