ಪರದೆಯ ಮೇಲೊಂದು ಚೌಕ, ಕೈಗೆ ನಾಲ್ಕು ಅಂಕಿ

ಟರ್ಮಿನಲ್‌ನಲ್ಲಿ ಸ್ಲಾಪ್ ಎಂದು ಟೈಪಿಸಿ ಎಂಟರ್ ಒತ್ತಿದರೆ ಮೌಸಿನ ಬಾಣ ಹೋಗಿ ಪ್ಲಸ್ ಗುರುತು ಬರುತ್ತದೆ. ಪರದೆಯ ಬೇಕಾದ ಭಾಗದ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದು ಬಿಟ್ಟರೆ ಟರ್ಮಿನಲ್‌ನಲ್ಲಿ ಒಂದೇ ಒಂದು ಸಾಲು ಮೂಡುತ್ತದೆ: ಅಗಲ, ಎತ್ತರ, ಎಡ ಅಂಚಿನಿಂದ ದೂರ, ಮೇಲಂಚಿನಿಂದ ದೂರ. ಎಲ್ಲವೂ ಪಿಕ್ಸೆಲ್ ಲೆಕ್ಕ. ಚಿತ್ರವಿಲ್ಲ, ಕಡತವಿಲ್ಲ. ಲಿನಕ್ಸ್‌ನ ಎಕ್ಸ್ ವಿಂಡೋ ವ್ಯವಸ್ಥೆಗೆಂದು ಬರೆದ ಈ ಪುಟ್ಟ ಸಾಧನದ ಕೆಲಸ ಅಲ್ಲಿಗೆ ಮುಗಿಯಿತು. ಅದರ ಹೆಚ್ಚುಗಾರಿಕೆಯೂ ಅಷ್ಟಕ್ಕೇ ನಿಲ್ಲುವುದರಲ್ಲಿದೆ.

ಎಳೆಯದೆ ಬರೀ ಕ್ಲಿಕ್ ಮಾಡಿದರೆ ಆ ಜಾಗದ ವಿಂಡೋ ಇಡಿಯಾಗಿ ಆಯ್ಕೆಯಾಗುತ್ತದೆ. ಬೆರಳು ಕೊಂಚ ಜಾರಿದರೂ ಅದನ್ನು ಕ್ಲಿಕ್ ಎಂದೇ ಎಣಿಸಬೇಕೇ ಎಂಬುದನ್ನು ತೀರ್ಮಾನಿಸಲು ಟಾಲರೆನ್ಸ್ ಎಂಬ ಅಳತೆ ಇದೆ. ಟಚ್‌ಪ್ಯಾಡ್ ಬಳಸುವವರು ಇದನ್ನು ಏರಿಸಿಕೊಂಡರೆ ಒಳ್ಳೆಯದು. ಸೊನ್ನೆಗೆ ಇಳಿಸಿದರೆ ವಿಂಡೋ ಆಯ್ಕೆಯೇ ನಿಂತುಹೋಗುತ್ತದೆ. ಅಂಕಿಗಳು ಯಾವ ಕ್ರಮದಲ್ಲಿ ಬರಬೇಕು ಎಂಬುದನ್ನೂ ಬಳಸುವವರೇ ಹೇಳಬಹುದು.

ಗುಂಡಿಗಳ ಸಾಲು, ಬಾಣ ಬರೆಯುವ ಪೆನ್ನು, ಮಸುಕು ಮಾಡುವ ಕುಂಚ ಎಲ್ಲವನ್ನೂ ಒಟ್ಟಿಗೆ ತುಂಬಿಕೊಂಡ ಸ್ಕ್ರೀನ್‌ಶಾಟ್ ತಂತ್ರಾಂಶಗಳೇ ಈಗ ಎಲ್ಲೆಡೆ ಚಾಲ್ತಿ. ಅವುಗಳಲ್ಲೂ ಚೌಕ ಎಳೆಯಬಹುದು. ಆದರೆ ಆ ಚೌಕದ ಅಂಕಿಗಳನ್ನು ಬಹಳಷ್ಟು ತಂತ್ರಾಂಶಗಳು ತಮ್ಮೊಳಗೇ ಇಟ್ಟುಕೊಳ್ಳುತ್ತವೆ. ಅವುಗಳನ್ನು ಬರೆದವರು ಯೋಚಿಸದ ಕೆಲಸಕ್ಕೆ ಅದೇ ಚೌಕ ಬೇಕೆಂದರೆ ದಾರಿಯಿಲ್ಲ. ಸ್ಲಾಪ್‌ನ ಅಂಕಿಗಳನ್ನು ಮೇಮ್‌ಗೆ ಕೊಟ್ಟರೆ ಸ್ಥಿರಚಿತ್ರ ಸಿಗುತ್ತದೆ, ಎಫ್ಎಫ್‌ಎಂಪೆಗ್‌ಗೆ ಕೊಟ್ಟರೆ ಅಷ್ಟೇ ಭಾಗದ ವಿಡಿಯೊ ಸಿಗುತ್ತದೆ. ವಿಡಿಯೊಗೆ ಮಾತ್ರ ಒಂದು ಎಚ್ಚರ ಬೇಕು. ಸಾಮಾನ್ಯ ಬಳಕೆಯ ಎಚ್.264 ವಿಡಿಯೊದಲ್ಲಿ ಅಗಲ, ಎತ್ತರ ಎರಡೂ ಸಮಸಂಖ್ಯೆಯಾಗಿರಬೇಕು. ಕೈಯಲ್ಲಿ ಎಳೆದ ಚೌಕ 641 ಪಿಕ್ಸೆಲ್ ಅಗಲ ಬಂದರೆ ರೆಕಾರ್ಡಿಂಗ್ ಶುರುವಾಗುವ ಮೊದಲೇ ನಿಂತುಬಿಡುತ್ತದೆ. ಅಂಕಿ ಕೈಯಲ್ಲಿರುವುದರಿಂದ ಸ್ಕ್ರಿಪ್ಟ್‌ನಲ್ಲಿ ಒಂದು ಕಳೆದರೆ ಸಾಕು. ಒಂದು ಆಜ್ಞೆಯ ಫಲಿತವನ್ನು ಇನ್ನೊಂದಕ್ಕೆ ಹರಿಸುವ ಪೈಪ್, ಡಗ್ ಮ್ಯಾಕಿಲ್‌ರಾಯ್ ಅವರ ಒತ್ತಾಸೆಯಿಂದ 1973ರಲ್ಲಿ ಯುನಿಕ್ಸ್‌ಗೆ ಬಂತು. ಚೌಕ ಎಳೆಯುವಂಥ ಕಣ್ಣು-ಕೈಗಳ ಕೆಲಸವೂ ಆ ಪದ್ಧತಿಗೆ ಒಗ್ಗುತ್ತದೆ ಎಂದು ಸ್ಲಾಪ್ ತೋರಿಸಿಕೊಟ್ಟಿತು.

ಎಕ್ಸ್‌ನಲ್ಲಿ ಯಾವ ತಂತ್ರಾಂಶ ಬೇಕಾದರೂ ಇಡೀ ಪರದೆಯನ್ನು ಓದಬಲ್ಲದು. ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಎಕ್ಸ್‌ಗೆ ಬದಲಾಗಿ ಆರಂಭಿಸಿದ ವೇಲ್ಯಾಂಡ್ ಆ ಬಾಗಿಲನ್ನು ಮುಚ್ಚಿತು, ಮುಚ್ಚಿದ್ದು ಸರಿಯೇ. ಅಲ್ಲಿಗೆ ಸೈಮನ್ ಸೆರ್ ಬರೆದ ಸ್ಲರ್ಪ್ ಬೇಕು. ಸ್ವೇಯಂಥ ಡೆಸ್ಕ್‌ಟಾಪ್‌ಗಳು ಒದಗಿಸುವ ಲೇಯರ್-ಶೆಲ್ ಎಂಬ ಏರ್ಪಾಡನ್ನು ಹಿಡಿದು ಅದು ಪರದೆಯ ಮೇಲೆ ಒಂದು ಪಾರದರ್ಶಕ ಪದರ ಹಾಸಿ, ಅದರ ಮೇಲೆ ಚೌಕ ಬಿಡಿಸುತ್ತದೆ. ಗ್ನೋಮ್ ಈ ಏರ್ಪಾಡನ್ನು ಒದಗಿಸದ ಕಾರಣ ಅಲ್ಲಿ ಸ್ಲರ್ಪ್ ನಡೆಯದು. ಸ್ಲರ್ಪ್ ಮೊದಲು ಸ್ಥಾನವನ್ನೂ ಆಮೇಲೆ ಅಳತೆಯನ್ನೂ ಬರೆಯುತ್ತದೆ. ಹಳೆಯ ಸ್ಕ್ರಿಪ್ಟ್‌ಗಳು ವೇಲ್ಯಾಂಡ್‌ಗೆ ಬಂದಾಗ ಇಲ್ಲೂ ಎಡವುತ್ತವೆ.

ಸ್ಲರ್ಪ್‌ನಲ್ಲಿ ಎಳೆಯುತ್ತಿರುವಾಗಲೇ ಸ್ಪೇಸ್ ಕೀ ಒತ್ತಿ ಹಿಡಿದರೆ ಚೌಕ ಹಿಗ್ಗುವುದನ್ನು ಬಿಟ್ಟು ಇದ್ದ ಅಳತೆಯಲ್ಲೇ ಜಾರುತ್ತದೆ. ಮೊದಲ ಮೂಲೆ ತಪ್ಪಾಗಿ ಬಿದ್ದಾಗ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ವಿಂಡೋಗಳು ಎಲ್ಲೆಲ್ಲಿವೆ ಎಂಬುದು ಮಾತ್ರ ಸ್ಲರ್ಪ್‌ಗೆ ತಾನಾಗಿ ಗೊತ್ತಾಗದು. ಸ್ವೇಯಿಂದ ಪಟ್ಟಿ ತರಿಸಿ ಪೈಪ್ ಮೂಲಕ ಕೊಡಬೇಕು. ಇದು ಕೊರತೆಯೆಂದು ದೂರುವವರಿದ್ದಾರೆ. ಆದರೆ ವಿಂಡೋಗಳ ಬದಲು ಯಾವ ಚೌಕಗಳ ಪಟ್ಟಿಯನ್ನಾದರೂ ಕೊಡಬಹುದು ಎಂಬ ಕಾರಣಕ್ಕೇ ಸ್ಲರ್ಪ್‌ನ ದಾರಿ ಹೆಚ್ಚು ಚೊಕ್ಕ. ಎಸ್ಕೇಪ್ ಒತ್ತಿದರೆ ಅಂಕಿಯೇನೂ ಬರದೆ ವಿಫಲವೆಂಬ ಸೂಚನೆ ಮಾತ್ರ ಬರುತ್ತದೆ. ಸ್ಕ್ರಿಪ್ಟ್ ಅದನ್ನು ನೋಡಿಕೊಂಡು ಅಲ್ಲೇ ನಿಲ್ಲಬೇಕು.

ಕನ್ನಡ ಓದುವವರಿಗೆ ಈ ಸಾಧನಗಳ ನಿಜವಾದ ಲಾಭ ಬೇರೊಂದಿದೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾದ ಪಿಡಿಎಫ್‌ಗಳಿಂದ ಒಂದು ವಾಕ್ಯ ನಕಲು ಮಾಡಿದರೆ ಅಂಟಿಸಿದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬೀಳುತ್ತವೆ. ಸ್ಕ್ಯಾನ್ ಮಾಡಿದ ಪುಸ್ತಕದಲ್ಲಂತೂ ನಕಲು ಮಾಡಲು ಪಠ್ಯವೇ ಇಲ್ಲ. ಇಲ್ಲಿ ಸ್ಲರ್ಪ್‌ನಿಂದ ಪ್ಯಾರಾವನ್ನು ಆಯ್ದು, ಗ್ರಿಮ್‌ನಿಂದ ಅದರ ಚಿತ್ರ ತೆಗೆದು, ಕಡತ ಉಳಿಸದೆ ನೇರವಾಗಿ ಚಿತ್ರದಲ್ಲಿನ ಅಕ್ಷರ ಓದುವ ಟೆಸರಾಕ್ಟ್‌ಗೆ ಹರಿಸಿದರೆ ಯುನಿಕೋಡ್ ಪಠ್ಯ ಹೊರಬರುತ್ತದೆ. ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಮುಕ್ತ ತಂತ್ರಾಂಶವಾದ ಟೆಸರಾಕ್ಟ್‌ಗೆ ಕನ್ನಡದ ದತ್ತಾಂಶ ಕಡತ ಪ್ರತ್ಯೇಕವಾಗಿ ಸಿಗುತ್ತದೆ. ಅದನ್ನು ಮೊದಲೇ ಹಾಕಿಕೊಂಡಿರಬೇಕು.

ಇಡೀ ಪುಟವನ್ನು ಕೊಟ್ಟರೆ ಟೆಸರಾಕ್ಟ್ ಪಕ್ಕಪಕ್ಕದ ಅಂಕಣಗಳ ಸಾಲುಗಳನ್ನು ಬೆಸೆದುಬಿಡುವುದುಂಟು. ತಲೆಬರಹ, ಪುಟಸಂಖ್ಯೆ, ಚಿತ್ರದಡಿಯ ಟಿಪ್ಪಣಿ ಎಲ್ಲ ಕಲಸುತ್ತವೆ. ಎಲ್ಲಿಂದ ಎಲ್ಲಿಗೆ ಓದಬೇಕು ಎಂದು ಮನುಷ್ಯನ ಕಣ್ಣು ಆರಿಸಿಕೊಟ್ಟಾಗ ಆ ಗೊಂದಲವಿಲ್ಲ: ಒಮ್ಮೆಗೆ ಒಂದೇ ಅಂಕಣ, ಜೊತೆಗೆ ಇದು ಒಂದೇ ಪಠ್ಯಖಂಡ ಎಂದು ತಿಳಿಸುವ 6ನೆಯ ಪುಟವಿಭಜನಾ ಕ್ರಮ. ಆಯುವ ಮೊದಲು ಪಿಡಿಎಫ್ ಅನ್ನು ದೊಡ್ಡದು ಮಾಡಿಕೊಳ್ಳಬೇಕು. ಕನ್ನಡದಲ್ಲಿ ಮೊದಲು ಕೆಡುವುದು ಒತ್ತಕ್ಷರ. ಮೂಲಾಕ್ಷರಕ್ಕಿಂತ ಚಿಕ್ಕದಾದ ಅದು ಸಣ್ಣ ಚಿತ್ರದಲ್ಲಿ ನಾಲ್ಕಾರು ಪಿಕ್ಸೆಲ್‌ಗಳ ಚುಕ್ಕೆಯಾಗಿಬಿಡುತ್ತದೆ. ಕೊನೆಯ ಸಾಲಿನ ಮೂಲಾಕ್ಷರಗಳಿಗೆ ತಾಗಿಸಿ ಚೌಕ ಮುಗಿಸಿದರೆ ಆ ಸಾಲಿನ ಒತ್ತುಗಳೆಲ್ಲ ಕತ್ತರಿಸಿಹೋಗುತ್ತವೆ. ಸ್ಲಾಪ್‌ನಲ್ಲಿ ಇದಕ್ಕೆ ಪ್ಯಾಡಿಂಗ್ ಎಂಬ ಆಯ್ಕೆ ಇದೆ. 10 ಎಂದು ಕೊಟ್ಟರೆ ನಾಲ್ಕೂ ಬದಿಗೆ ಅಷ್ಟು ಪಿಕ್ಸೆಲ್ ಸೇರಿಕೊಳ್ಳುತ್ತದೆ. ಸ್ಲರ್ಪ್‌ನಲ್ಲಿ ಆ ಅನುಕೂಲವಿಲ್ಲದ್ದರಿಂದ ಕೊನೆಯ ಸಾಲಿನ ಒತ್ತುಗಳು ಮುಗಿದ ಮೇಲೂ ಕೊಂಚ ಖಾಲಿ ಜಾಗ ಸೇರುವಷ್ಟು ಕೆಳಗೆಳೆದು ಮೌಸ್ ಬಿಡಬೇಕು.